ಗ್ರೇಪ್‌ಫ್ರೂಟ್ ಮಹಿಮೆಯೂ ಮಾತ್ರೆಯ ಡಬ್ಬಿಯೂ

ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ, ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಸಂದೇಶಗಳಲ್ಲೂ ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ಗುಣಗಾನ ಎಡೆಬಿಡದೆ ನಡೆದಿದೆ. ಬೊಜ್ಜು ಕರಗುತ್ತದೆ, ಕೊಲೆಸ್ಟ್ರಾಲ್ ಇಳಿಯುತ್ತದೆ, ರಕ್ತದೊತ್ತಡ ಹತೋಟಿಗೆ ಬರುತ್ತದೆ ಎಂಬ ಪಟ್ಟಿಯ ಕೊನೆಯಲ್ಲಿ ‘ಯಾವ ಅಡ್ಡಪರಿಣಾಮವೂ ಇಲ್ಲ’ ಎಂಬ ಅಭಯವಾಕ್ಯ ಬೇರೆ. ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನನಗೆ ಈ ಕೊನೆಯ ವಾಕ್ಯವನ್ನು ಕಂಡೂ ಸುಮ್ಮನಿರಲಾಗದು. ಹಣ್ಣಿನ ಮೇಲೆ ನನಗೆ ಹಗೆಯಿಲ್ಲ. ಆದರೆ ಆ ವಾಕ್ಯ ಸುಳ್ಳು. ಅದನ್ನು ನಂಬಿ ಅಪಾಯಕ್ಕೀಡಾಗುವವರು ದಿನವೂ ಮಾತ್ರೆ ನುಂಗುವ ನನ್ನ ವಯಸ್ಸಿನವರು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸೋಣ. ಗ್ರೇಪ್‌ಫ್ರೂಟ್ ಎಂದರೆ ದ್ರಾಕ್ಷಿಯಲ್ಲ. ದ್ರಾಕ್ಷಿಯಂತೆ ಗೊಂಚಲಾಗಿ ಬಿಡುವುದರಿಂದ ಆ ಹೆಸರು ಬಂತೆನ್ನುತ್ತಾರೆ. ನಮ್ಮ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿದ ಸಂಕರ ತಳಿಯಿದು. 1750ರಷ್ಟು ಹಿಂದೆಯೇ ಅಲ್ಲಿನ ಹಣ್ಣಿನ ಬಗ್ಗೆ ಬರೆದವರಿದ್ದಾರೆ. ಕನ್ನಡಕ್ಕೆ ತರುವವರು ಅವಸರದಲ್ಲಿ ‘ದ್ರಾಕ್ಷಿಹಣ್ಣು’ ಎಂದು ಬರೆದುಬಿಟ್ಟರೆ, ಓದಿದವರು ನಿರಪಾಯಕರವಾದ ದ್ರಾಕ್ಷಿಯನ್ನು ದೂರವಿಟ್ಟು, ನಿಜವಾಗಿ ಎಚ್ಚರ ವಹಿಸಬೇಕಾದ ಹಣ್ಣನ್ನು ನಿಶ್ಚಿಂತೆಯಿಂದ ತಿಂದಾರು.

ಇನ್ನು ಅದರ ಗುಣಗಳು. ನೂರು ಗ್ರಾಂ ತಿರುಳಿನಲ್ಲಿ ಸುಮಾರು 30 ಮಿಲಿಗ್ರಾಂ ‘ಸಿ’ ಜೀವಸತ್ವವಿದೆ. ಕ್ಯಾಲೊರಿ ಕಡಿಮೆ, ನೀರಿನಂಶ ಹೆಚ್ಚು. ಒಳ್ಳೆಯದೇ. ಆದರೆ ಬೀದಿಬದಿಯ ಗಾಡಿಯಲ್ಲಿ ಸಿಗುವ ಸೀಬೆಹಣ್ಣಿನಲ್ಲಿ ಅದೇ ಸತ್ವ 200 ಮಿಲಿಗ್ರಾಂ ಮೀರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು!

ಬೊಜ್ಜಿನ ಮಾತು ಬಂದಾಗ ಎಲ್ಲರೂ ಎತ್ತಿ ಹಿಡಿಯುವುದು 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು. ಅದರಲ್ಲಿ ಭಾಗವಹಿಸಿದವರು 91 ಮಂದಿ. ಹನ್ನೆರಡು ವಾರ ಊಟಕ್ಕೆ ಮೊದಲು ಅರ್ಧ ಹಣ್ಣು ತಿಂದವರು ಸರಾಸರಿ 1.6 ಕಿಲೋ ಇಳಿದರು. ಹಣ್ಣನ್ನು ಯಾವ ರೂಪದಲ್ಲೂ ಸೇವಿಸದವರು 0.3 ಕಿಲೋ. ವ್ಯತ್ಯಾಸ ಮೂರು ತಿಂಗಳಿಗೆ ಒಂದೂಕಾಲು ಕಿಲೋ! 2012ರಲ್ಲಿ ಪ್ರಕಟವಾದ ಆರು ವಾರಗಳ ಇನ್ನೊಂದು ಪ್ರಯೋಗದಲ್ಲಿ ತೂಕದ ವಿಷಯದಲ್ಲಿ ಹೇಳಿಕೊಳ್ಳುವಂತಹ ಅಂತರವೇ ಕಾಣಲಿಲ್ಲ. ‘ಕರಗಿಸುತ್ತದೆ’ ಎಂಬ ಕ್ರಿಯಾಪದದ ಭಾರವನ್ನು ಈ ಅಂಕಿಗಳು ಹೊರಲಾರವು.

ಈಗ ಮುಖ್ಯ ವಿಷಯ. ಕೆನಡಾದ ಡೇವಿಡ್ ಬೇಯ್ಲಿ ಎಂಬ ಔಷಧವಿಜ್ಞಾನಿ ಫೆಲೋಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆಯ ಮೇಲೆ ಮದ್ಯದ ಪ್ರಭಾವವನ್ನು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿಯನ್ನು ಮರೆಮಾಚಲು ಬಳಸಿದ್ದು ಗ್ರೇಪ್‌ಫ್ರೂಟ್ ರಸ. ರಕ್ತದಲ್ಲಿ ಔಷಧದ ಪ್ರಮಾಣ ನಿರೀಕ್ಷೆಗಿಂತ ಹಲವು ಪಟ್ಟು ಏರಿತ್ತು! ಕಾರಣ ಮದ್ಯವಲ್ಲ, ರಸ. ಇದು ಪ್ರಕಟವಾದದ್ದು 1989ರಲ್ಲಿ.

ನಮ್ಮ ಕರುಳಿನ ಗೋಡೆಯಲ್ಲಿ ಸಿವೈಪಿ3ಎ4 ಎಂಬ ಕಿಣ್ವವಿದೆ. ಅದು ಸುಂಕದ ಕಟ್ಟೆಯಿದ್ದಂತೆ. ಹಲವು ಔಷಧಗಳು ರಕ್ತಕ್ಕೆ ಸೇರುವ ಮೊದಲೇ ಅವುಗಳ ಒಂದಂಶವನ್ನು ನಾಶಮಾಡುತ್ತದೆ. ಈ ನಷ್ಟವನ್ನು ಲೆಕ್ಕಹಾಕಿಯೇ ಔಷಧದ ಪ್ರಮಾಣ ನಿಗದಿಯಾಗಿರುತ್ತದೆ. ಗ್ರೇಪ್‌ಫ್ರೂಟಿನ ಫ್ಯುರಾನೊಕೂಮರಿನ್ ಎಂಬ ರಾಸಾಯನಿಕಗಳು ಆ ಕಟ್ಟೆಯನ್ನೇ ಮುಚ್ಚಿಸುತ್ತವೆ. ನುಂಗಿದ್ದು ಒಂದು ಮಾತ್ರೆಯಾದರೂ ದೇಹಕ್ಕೆ ಸೇರುವುದು ಹಲವು ಮಾತ್ರೆಗಳ ಔಷಧ. ಸಿಮ್ವಾಸ್ಟಾಟಿನ್‌ನಂತಹ ಕೊಲೆಸ್ಟ್ರಾಲ್ ಮಾತ್ರೆ ಹೀಗೆ ಮಿತಿಮೀರಿದರೆ ಸ್ನಾಯುಗಳು ನಾಶವಾಗಿ, ಮೂತ್ರಪಿಂಡಕ್ಕೂ ಹಾನಿ ತಟ್ಟಬಹುದು. ಕೊಲೆಸ್ಟ್ರಾಲ್ ಇಳಿಸಲೆಂದು ಹಣ್ಣು ತಿನ್ನುವವರಲ್ಲಿ ಅನೇಕರು ಅದಕ್ಕಾಗಿ ಮಾತ್ರೆಯನ್ನೂ ನುಂಗುವವರೇ ಅಲ್ಲವೇ?

‘ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ, ಆಗ ತೊಂದರೆಯಿಲ್ಲ’ ಎಂದು ವಾದಿಸುವವರುಂಟು. ಈ ಜಾಣತನ ನಡೆಯದು. ನಾಶವಾದ ಕಿಣ್ವದ ಜಾಗಕ್ಕೆ ಕರುಳು ಹೊಸದನ್ನು ತಯಾರಿಸಬೇಕು. ಅದಕ್ಕೆ ಒಂದರಿಂದ ಮೂರು ದಿನ ಹಿಡಿಯುತ್ತದೆ. ಎಲ್ಲ ಮಾತ್ರೆಗಳಿಗೂ ಈ ಭಯವಿಲ್ಲವೆಂಬುದೂ ನಿಜ. ರೋಸುವಾಸ್ಟಾಟಿನ್ ಈ ಕಿಣ್ವವನ್ನು ಅಷ್ಟಾಗಿ ಅವಲಂಬಿಸಿಲ್ಲ. ನಿಮ್ಮ ಮಾತ್ರೆ ಯಾವ ಬಗೆಯದೆಂದು ವೈದ್ಯರನ್ನು ಕೇಳಿ. ಹಣ್ಣನ್ನು ನಂಬಿ ಮಾತ್ರೆಯನ್ನು ಮಾತ್ರ ಬಿಡಬೇಡಿ.

ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತದ ಬಗ್ಗೆ ನಮಗೆಲ್ಲ ಅಭಿಮಾನವಿದೆ. ಆದರೆ ಚಕ್ಕೋತ ಜಾತಿಯಲ್ಲೂ ಇದೇ ರಾಸಾಯನಿಕಗಳಿವೆ. ನಮ್ಮದೆಂಬ ಪ್ರೀತಿಗೆ ಕಿಣ್ವವೇನೂ ರಿಯಾಯಿತಿ ಕೊಡದು.

ಪ್ರಕೃತಿದತ್ತವಾದುದೆಲ್ಲ ನಿರುಪದ್ರವಿ ಎಂಬ ನಂಬಿಕೆಯೇ ಇಲ್ಲಿನ ಮೂಲ ರೋಗ. ಉಮ್ಮತ್ತಿಕಾಯಿಯೂ ಪ್ರಕೃತಿದತ್ತವೇ! ಹಣ್ಣಿನ ಹತ್ತು ಗುಣಗಳನ್ನು ಬರೆಯುವವರು ಹನ್ನೊಂದನೆಯದಾಗಿ ‘ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಿ ತಿನ್ನಿರಿ’ ಎಂಬ ಒಂದು ಸಾಲನ್ನು ಸೇರಿಸಲಿ. ಆ ಸಾಲಿಲ್ಲದ ಸಂದೇಶ ನಿಮಗೆ ಬಂದರೆ, ಓದುಗ ಮಿತ್ರರೇ, ದಯವಿಟ್ಟು ಅದನ್ನು ಮುಂದಕ್ಕೆ ಕಳುಹಿಸಬೇಡಿ.