ಆಟಿಯ ಒಂದು ಸಂಜೆ, ಟೀವಿ ಆರಿಸಿ



ಆಟಿ ತಿಂಗಳು ಬಂತೆಂದರೆ ಮುಂಬಯಿಯ ನಮ್ಮ ಸಂಘಸಂಸ್ಥೆಗಳಲ್ಲಿ ‘ಆಟಿಡೊಂಜಿ ದಿನ’ದ ಸಡಗರ. ಪತ್ರೊಡೆ, ತಜಂಕಿನ ವಡೆ, ಕಣಿಲೆ ಪಲ್ಯ, ಹಲಸಿನ ಬೀಜದ ಸಾರು, ಹುರುಳಿ ಚಟ್ನಿ, ಮೆಂತೆ ಗಂಜಿ ಎಂದು ಒಂದು ತಟ್ಟೆಯಲ್ಲಿ ಹಿಡಿಸಲಾರದಷ್ಟು ಬಗೆಗಳು. ಹವಾನಿಯಂತ್ರಿತ ಸಭಾಗೃಹದಲ್ಲಿ ಸಾಲು ನಿಂತು ಬಡಿಸಿಕೊಂಡು ಉಣ್ಣುತ್ತೇವೆ. ನಾನೂ ಉಂಡಿದ್ದೇನೆ, ಎರಡನೇ ಸಲ ಬಡಿಸಿಕೊಂಡೂ ಉಂಡಿದ್ದೇನೆ. ಆದುದರಿಂದ ಇದು ದೂರಲ್ಲ. ಮನಸ್ಸಿನಲ್ಲಿದ್ದ ಒಂದು ಮಾತನ್ನು ನಿಮ್ಮೊಡನೆ ಹಂಚಿಕೊಳ್ಳುವ ಆಸೆ, ಅಷ್ಟೆ.

ತುಳುನಾಡಿನವರಿಗೆ ಆಟಿಯನ್ನು ಪರಿಚಯಿಸಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ: ಸುಮಾರು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು ಇದು. ನಾಟಿ ಮುಗಿದು ಗದ್ದೆಯಲ್ಲಿ ಕೂಲಿಯಿಲ್ಲ, ಕಡಲು ಮೊರೆಯುವುದರಿಂದ ಮೀನಿಲ್ಲ, ಕಳೆದ ವರ್ಷದ ಭತ್ತ ಮುಗಿಯುತ್ತಾ ಬಂದಿದೆ, ಹೊಸ ಬೆಳೆ ಇನ್ನೂ ಗದ್ದೆಯಲ್ಲಿದೆ. ಆಗ ಬೇಲಿಯ ಬದಿಯ ಕೆಸುವಿನ ಎಲೆ, ತಾನಾಗಿ ಹುಟ್ಟಿದ ತಜಂಕು, ಬೇಸಗೆಯಲ್ಲಿ ಎತ್ತಿಟ್ಟ ಹಲಸಿನ ಬೀಜ ಇವುಗಳಿಂದಲೇ ದಿನ ದೂಡಬೇಕಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಂಡರೆ ಅದೇ ಹಬ್ಬ.

ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿ ತಿಳಿದವನಲ್ಲ. ಅಮ್ಮನ ಬಾಯಿಯಿಂದ ಕೇಳಿದ್ದು. ಕೇಳಿದ್ದಾದರೂ ಎಂದು? ಕೇವಲ ಮೂರು ರಾತ್ರಿ.

2005ರ ಜುಲೈ 26 ನೆನಪಿದೆಯಲ್ಲವೇ? ಆಟಿ ಹಿಡಿದು ಹತ್ತು ದಿನವಾಗಿತ್ತು. ನಮ್ಮ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಹೊತ್ತಿಗೆ ಅತ್ತ ಕೊಲಾಬಾದಲ್ಲಿ ಬಿದ್ದದ್ದು ಬರೇ 73. ಮೀಠಿ ನದಿ ಉಕ್ಕಿತು, ಲೋಕಲ್ ರೈಲುಗಳು ನಿಂತವು, ವಿಮಾನ ನಿಲ್ದಾಣ ಮುಚ್ಚಿತು, ನೂರಾರು ಜನ ಪ್ರಾಣ ಕಳೆದುಕೊಂಡರು. ಫೋರ್ಟಿನ ಕಚೇರಿಯಿಂದ ಹೊರಟ ನಾನು ಹಳಿಯ ಮೇಲೆ, ಎದೆಮಟ್ಟದ ನೀರಿನಲ್ಲಿ ನಡೆದು ಮರುದಿನ ಬೆಳಿಗ್ಗೆ ವಾಕೋಲದ ಮನೆ ಮುಟ್ಟಿದೆ. ದಾರಿಯಲ್ಲಿ ಗುರುತಿಲ್ಲದವರು ಕೈಗೆ ಚಹಾ, ಬಿಸ್ಕತ್ತು ಕೊಟ್ಟರು. ಆ ಚಹಾದ ರುಚಿ ಇಂದಿಗೂ ನಾಲಗೆಯ ಮೇಲಿದೆ.

ನಮ್ಮದು ಎರಡನೇ ಮಾಳಿಗೆ, ಆದುದರಿಂದ ಬದುಕಿಕೊಂಡೆವು. ಆದರೆ ಕರೆಂಟಿಲ್ಲ, ಫೋನಿಲ್ಲ, ಪಂಪು ನಡೆಯದೆ ನಳ್ಳಿಯಲ್ಲಿ ನೀರಿಲ್ಲ, ಹಾಲಿಲ್ಲ, ತರಕಾರಿ ಇಲ್ಲ. ಊರಿನಿಂದ ತಂದಿದ್ದ ಕುಚ್ಚಲಕ್ಕಿ ಇತ್ತು, ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ಅಮ್ಮ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿ, “ಆಟಿಯಲ್ಲಿ ಮಳೆ ಬಾರದೆ ಬಿಸಿಲು ಬರುತ್ತದಾ ಮಗಾ?” ಎಂದು ನಕ್ಕು ಒಲೆಯ ಮೇಲೆ ಗಂಜಿಗೆ ಇಟ್ಟರು.

ಆ ಮೂರು ರಾತ್ರಿ ನಾವು ಐದು ಮಂದಿ ಒಂದು ಮೊಂಬತ್ತಿಯ ಸುತ್ತ ಕುಳಿತು ಉಂಡೆವು. ಗಂಜಿ ಎಂದರೆ ಮೂಗು ಮುರಿಯುತ್ತಿದ್ದ ಮಗ ಮೂರನೇ ಸಲ ಬಡಿಸಿಕೊಂಡ. ಊಟವಾದ ಮೇಲೆ ಎದ್ದು ಹೋಗುವುದಕ್ಕೆ ಯಾರಿಗೂ ಬೇರೆ ಜಾಗವಿರಲಿಲ್ಲ. ಅಮ್ಮ ತನ್ನ ಬಾಲ್ಯದ ಆಟಿಯ ಕತೆ ಹೇಳತೊಡಗಿದರು. ಏಳು ಮಕ್ಕಳಿಗೆ ಬಡಿಸಿದ ಮೇಲೆ ಅಜ್ಜಿ “ನಂದಾಯಿತು” ಎನ್ನುತ್ತಿದ್ದರಂತೆ. ಒಂದು ರಾತ್ರಿ ಎಚ್ಚರವಾಗಿ ಅಮ್ಮ ನೋಡಿದರೆ, ಅಜ್ಜಿ ಕತ್ತಲೆಯಲ್ಲಿ ಮಡಕೆ ಬಗ್ಗಿಸಿ ತಳದ ತಿಳಿಯನ್ನು ಮಾತ್ರ ಕುಡಿಯುತ್ತಿದ್ದರು. “ನಾನು ಚಾಪೆಯಿಂದ ಎದ್ದೆ, ಎದ್ದು ಎಂತ ಮಾಡಿದೆ ಗೊತ್ತುಂಟಾ...” ಎನ್ನುವಷ್ಟರಲ್ಲಿ ಕರೆಂಟು ಬಂತು. ಟೀವಿ ತಾನಾಗಿ ಅಬ್ಬರಿಸಿತು. ಮಕ್ಕಳು ಹೋ ಎಂದು ಎದ್ದರು, ನಾನು ಸುದ್ದಿ ನೋಡಲು ಓಡಿದೆ. ಅಮ್ಮ “ನಾಳೆ ಹೇಳುತ್ತೇನೆ” ಎಂದು ಮೊಂಬತ್ತಿ ನಂದಿಸಿದರು.

ಆ ನಾಳೆ ಬರಲಿಲ್ಲ. ಕಚೇರಿ, ಟ್ಯೂಶನ್, ಧಾರಾವಾಹಿ ಎಲ್ಲವೂ ಹಿಂದಿನಂತೆ ಬಂದವು. ಮರುವರ್ಷದ ಆಟಿಯ ಹೊತ್ತಿಗೆ ಅಮ್ಮ ಇರಲಿಲ್ಲ.

ಓದುಗರೇ, ಬಡತನವೇ ಚೆಂದ ಎಂದು ನಾನು ಹೇಳುತ್ತಿಲ್ಲ. ಹಸಿವನ್ನು ಹೊಗಳುವುದು ಹೊಟ್ಟೆ ತುಂಬಿದವರ ಚಟ. ಅಜ್ಜಿ ತಿಳಿ ಕುಡಿದದ್ದು ವ್ರತವಲ್ಲ, ಅದು ಇಲ್ಲದ್ದರ ಸಂಕಟ. ಅಂತಹ ದಿನ ಯಾರಿಗೂ ಬೇಡ. ಇಲ್ಲದವನು ಬಿಡುವುದು ಏನನ್ನು? ಬಿಡುವ ಭಾಗ್ಯ ಇರುವವನಿಗೆ ಮಾತ್ರ. ಅಂದು ಪ್ರಳಯದಂತಹ ಮಳೆ ನಮ್ಮಿಂದ ಕಸಿದುಕೊಂಡದ್ದನ್ನು ಇಂದು ನಾವೇ ಮನಸ್ಸು ಮಾಡಿ ಒಂದೆರಡು ತಾಸು ಬದಿಗಿಡಬಾರದೇ? 1944ರಲ್ಲಿ ಸೆರೆಯಿಂದ ಬಿಡುಗಡೆಯಾದ ಗಾಂಧೀಜಿ ಇಲ್ಲೇ ನಮ್ಮ ಪಕ್ಕದ ಜುಹೂವಿನಲ್ಲಿ ವಿಶ್ರಾಂತಿಗೆ ತಂಗಿದ್ದರು. ದೇಶವೆಲ್ಲ ಅವರ ಮಾತಿಗೆ ಕಾಯುತ್ತಿದ್ದ ಕಾಲದಲ್ಲೂ ಅವರು ಬಹುಕಾಲ ಸೋಮವಾರದ ಮೌನವನ್ನು ಪಾಲಿಸಿಕೊಂಡು ಬಂದವರು. ನಮಗೆ ಅಷ್ಟು ದೊಡ್ಡದು ಬೇಡ. ನಮ್ಮ ಕೈಗೆಟಕುವಷ್ಟು ಸಾಕು.

ಅಮ್ಮ ಹೋದ ವರ್ಷದಿಂದ ನಮ್ಮ ಮನೆಯಲ್ಲೊಂದು ರೂಢಿಯಿದೆ. ಆಟಿಯ ನಾಲ್ಕು ಶನಿವಾರ, ರಾತ್ರಿ ಎಂಟರಿಂದ ಹತ್ತು ಗಂಟೆಯವರೆಗೆ ಟೀವಿ, ಎಸಿ, ಈಗ ಮೊಬೈಲೂ ಬಂದ್. ಊಟಕ್ಕೆ ಗಂಜಿ, ಒಂದು ಚಟ್ನಿ. ಮನೆಯ ಹಿರಿಯರಿಗೆ ಕಿರಿಯರು ಒಂದು ಪ್ರಶ್ನೆ ಕೇಳಬೇಕು. ಮೊದಲ ಶನಿವಾರ ಎಲ್ಲರಿಗೂ ಚಡಪಡಿಕೆ, ಒಮ್ಮೊಮ್ಮೆ ಜಗಳವೂ ಆಗುತ್ತದೆ. ಎರಡನೆಯದಕ್ಕೆ ಕಿಟಕಿಯ ತಗಡಿನ ಮೇಲೆ ಬೀಳುವ ಮಳೆಯ ಸದ್ದು ಕೇಳತೊಡಗುತ್ತದೆ. ಮೂರನೆಯದಕ್ಕೆ ಹುರುಳಿ ಚಟ್ನಿಗೆ ಇಷ್ಟು ಪರಿಮಳವಿತ್ತೇ ಎನಿಸುತ್ತದೆ. ಹತ್ತು ಗಂಟೆಗೆ ಎದ್ದು ಫ್ಯಾನು ಹಾಕಿದಾಗ ಬರುವ ಗಾಳಿಯೂ ಅಂದು ಹೊಸತು.

ಕಳೆದ ಆಟಿಯಲ್ಲಿ ಮೊಮ್ಮಗಳ ಸರದಿ ಬಂತು. ನಾನು ಅಮ್ಮನ ಆ ಕತೆಯನ್ನೇ ಹೇಳಿದೆ. ಅವಳು ಕಣ್ಣರಳಿಸಿ, “ಅಜ್ಜಾ, ಚಾಪೆಯಿಂದ ಎದ್ದು ನಿಮ್ಮ ಅಮ್ಮ ಎಂತ ಮಾಡಿದರು?” ಎಂದು ಕೇಳಿದಳು.

ನನಗೆ ಗೊತ್ತಿಲ್ಲ ಎನ್ನಬೇಕಾಯಿತು.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಈ ಶನಿವಾರ ಟೀವಿ ಆರಿಸಿ, ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಕತೆ ಮುಗಿಯುವವರೆಗೆ ಏಳಬೇಡಿ.