ಅಂಕಿಯೂ ಅರಿವೂ

ಮಣಿಕಟ್ಟಿಗೆ ಕಟ್ಟಿದ ಯಂತ್ರವು ‘ಇಷ್ಟು ಕ್ಯಾಲೊರಿ ವ್ಯಯವಾಯಿತು’ ಎಂದು ತೋರಿಸಿದೊಡನೆ ನಾವು ಅದನ್ನು ವೇದವಾಕ್ಯವೆಂದು ನಂಬುತ್ತೇವೆ. ಈ ನಂಬಿಕೆ ಸರಿಯಲ್ಲ. ಶ್ರಮಕ್ಕೆ ವ್ಯಯವಾದ ಶಕ್ತಿಯನ್ನು ಸರಿಯಾಗಿ ಅರಿಯಬೇಕಾದರೆ ಉಸಿರಾಟದಲ್ಲಿ ಬಳಕೆಯಾದ ಆಮ್ಲಜನಕವನ್ನು ಅಳೆಯಬೇಕು. ಈ ಯಂತ್ರವಾದರೋ ನಾಡಿಬಡಿತ, ಕೈಯ ಚಲನೆ, ವಯಸ್ಸು, ತೂಕಗಳನ್ನು ಹಿಡಿದು ಊಹಿಸುತ್ತದೆ. ಸೈಕಲ್ ತುಳಿಯುವಾಗ ದುಡಿಯುವುದು ಕಾಲು. ಕೈಯ ಚಲನೆ ಆ ದುಡಿಮೆಯನ್ನು ತಿಳಿಸದು.

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಂತಹ 7 ಯಂತ್ರಗಳನ್ನು ಪರೀಕ್ಷಿಸಿದರು. 6 ಯಂತ್ರಗಳು ನಾಡಿಬಡಿತವನ್ನು ಬಹುಮಟ್ಟಿಗೆ ಸರಿಯಾಗಿಯೇ ಎಣಿಸಿದವು. ಕ್ಯಾಲೊರಿಯ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಉತ್ತಮವಾದುದೂ ಸರಾಸರಿ ಶೇಕಡ 27ರಷ್ಟು ತಪ್ಪಿತು.

ಬೆಳೆಯುವ ವಯಸ್ಸಿನವರು ಇಂತಹ ಅಂಕಿಯನ್ನು ನಂಬಿ ಊಟವನ್ನು ಕಡಿಮೆ ಮಾಡುವುದು ಅವಿವೇಕ. ಹಿತವಾದ ಹಸಿವು, ಗಾಢನಿದ್ರೆ, ಮನದ ಉಲ್ಲಾಸ ಇವೇ ವ್ಯಾಯಾಮದ ನಿಜವಾದ ಫಲಗಳು. ಅಂದಾಜನ್ನು ಅಂದಾಜೆಂದೇ ತಿಳಿಯುವುದು ವಿವೇಕಿಯ ಲಕ್ಷಣ.