ಬಿದಿರಿನ ಹಳೇ ರಾಡಿಗೆ ಹೊಸ ರೀಲ್ ಬೇಡ ಅಂದ್ವಿ

ಈ ಸೆಮಿಸ್ಟರ್ ನಮ್ಮ ಹಾಸ್ಟೆಲ್ ರೂಮಿನಲ್ಲಿ ನಡೆದ ದೊಡ್ಡ ಜಗಳ ಒಂದು ರೀಲ್ ಬಗ್ಗೆ. ಇನ್‌ಸ್ಟಾಗ್ರಾಮ್ ರೀಲ್ ಅಲ್ಲ ಮಾರಾಯ್ರೆ, ಮೀನು ಹಿಡಿಯೋ ರಾಡಿಗೆ ಹಾಕೋ ರೀಲ್.

ನಮ್ಮ ಮೂವರಲ್ಲಿ ಒಬ್ಬನ ಅಜ್ಜ ಕೊಡಗಿನ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಅಲ್ಲಿನ ಇಂಗ್ಲಿಷ್ ದೊರೆ ಊರಿಗೆ ವಾಪಸ್ ಹೋಗುವಾಗ ತನ್ನ ಫ್ಲೈ ರಾಡನ್ನು ಅಜ್ಜನ ಕೈಗೆ ಕೊಟ್ಟು ಹೋದನಂತೆ. ರಜೆಯಲ್ಲಿ ನೀಲಗಿರಿಯ ಹೊಳೆಗಳಿಗೆ ಟ್ರೌಟ್ ಹಿಡಿಯೋಕೆ ಹೋಗುವಾಗ ಅದನ್ನ ಹೊತ್ತುಕೊಂಡು ಹೋಗ್ತಿದ್ದವರೇ ಅಜ್ಜ. ಒಂಬತ್ತು ಅಡಿ, ಮೂರು ತುಂಡು, ಹಾರ್ಡಿ ಕಂಪನಿಯ ಪಾಲಕೋನ. ರೀಲನ್ನು ಯಾರೋ ನೆಂಟರು ಎರಡು ದಿನಕ್ಕೆ ಅಂತ ತಗೊಂಡು ಹೋದವರು ವಾಪಸ್ ಕೊಡಲೇ ಇಲ್ಲ. ಈಗ ಅಜ್ಜನಿಗೆ ಎಂಬತ್ತೆಂಟು, ಕಣ್ಣು ಮಂಜು. "ಒಂದ್ಸಲ ರೀಲ್ ಹಾಕಿ ಕೈಗೆ ಕೊಡ್ರೋ ಮಕ್ಕಳೇ" ಅಂದ್ರು. ನಾವು ದುಡ್ಡು ಒಟ್ಟು ಹಾಕಿ ಪೇಟೆಗೆ ಹೋದ್ವಿ.

ಅಂಗಡಿಯವರು ಕೊಟ್ಟದ್ದು ಲೇಟೆಸ್ಟ್ ಮಾಡೆಲ್. ಲಾರ್ಜ್ ಆರ್ಬರ್, ಸೀಲ್ಡ್ ಡಿಸ್ಕ್ ಡ್ರ್ಯಾಗ್, ಬರೀ 110 ಗ್ರಾಂ. ರೀಲಿನ ಪಾದ ರಾಡಿನ ಉಂಗುರದೊಳಗೆ ಹೋಗಲಿಲ್ಲ. ಅದಕ್ಕೆ ಅವರು, "ರಾಡಿನ ಸೀಟಿಗೆ ಸ್ವಲ್ಪ ಅರ ಹಾಕಿದ್ರೆ ಕೂತ್ಕೊಳ್ಳುತ್ತೆ" ಅಂದ್ರು. ನಾವು ರಾಡನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಎದ್ದು ಬಂದ್ವಿ. ಜಗಳ ಶುರುವಾದದ್ದು ಬಸ್ಸಿನಲ್ಲಿ.

ಒಬ್ಬ ಹೇಳಿದ, ಹಗುರ ಇದ್ದಷ್ಟೂ ಒಳ್ಳೇದು, ಮೊಬೈಲ್ ಥರ. ಇನ್ನೊಬ್ಬ, ಹಳೇ ರಾಡಿಗೆ ಹಾರ್ಡಿ ಪರ್ಫೆಕ್ಟೇ ಬೇಕು, ಇಲ್ಲಾಂದ್ರೆ ಬೇಡವೇ ಬೇಡ ಅಂದ. ಪರ್ಫೆಕ್ಟ್ ಅಂದ್ರೆ 1891ರಲ್ಲಿ ಮಾರ್ಕೆಟ್ಟಿಗೆ ಬಂದ, ಒಳಗೆ ಬಾಲ್ ಬೇರಿಂಗ್ ಇದ್ದ ಪ್ರಸಿದ್ಧ ರೀಲ್. ಕಲೆಕ್ಟರ್‌ಗಳು ಅದಕ್ಕೆ ಕೇಳೋ ರೇಟು ನಮ್ಮ ಪಾಕೆಟ್ ಮನಿಗೆ ಸಂಬಂಧವೇ ಇಲ್ಲದ್ದು. ಒಂದು ವಾರ ಲೆಕ್ಕ ಹಾಕಿದ ಮೇಲೆ ನಾವು ಮೂವರೂ ಒಪ್ಪಿದ ಅಭಿಪ್ರಾಯ ಏನಂದ್ರೆ, ಇಬ್ಬರೂ ತಪ್ಪು. ಹಳೇ ಬಿದಿರಿನ ರಾಡಿಗೆ ಬೇಕಾದದ್ದು ಸ್ವಲ್ಪ ಭಾರದ, ತೆಳು ಪಾದದ, ಸಾದಾ ಕ್ಲಿಕ್ ರೀಲ್. ಹೆಸರು ಯಾವುದಾದರೂ ಆಗಲಿ, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ.

ಯಾಕೆ ಅಂತ ಹೇಳೋಕೆ ಮೊದಲು ರಾಡ್ ಏನು ಅಂತ ಹೇಳಬೇಕು. ಇದು ನಮ್ಮೂರ ಕೆರೆ ದಂಡೆಯಲ್ಲಿ ಹುಡುಗರು ಹಿಡಿದು ಕೂರೋ ಗಾಳದ ಕೋಲಲ್ಲ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಬೆಳೆಯೋ ಟಾಂಕಿನ್ ಬಿದಿರನ್ನು ಸೀಳಿ, ಪ್ರತಿ ಸೀಳನ್ನೂ 60 ಡಿಗ್ರಿ ತ್ರಿಕೋನವಾಗಿ ಹೆರೆದು, ಆರನ್ನು ಅಂಟಿಸಿ ಷಟ್ಕೋನ ಮಾಡ್ತಾರೆ. ಗಟ್ಟಿ ನಾರು ಇರೋದು ಬಿದಿರಿನ ಹೊರಮೈಯಲ್ಲಿ. ಆರೂ ಸೀಳಿನ ಹೊರಮೈ ರಾಡಿನ ಹೊರಗೇ ಬರುತ್ತೆ. ಬೆಂಡಿಂಗ್ ಸ್ಟ್ರೆಸ್ ಹೆಚ್ಚು ಬೀಳೋ ಜಾಗದಲ್ಲೇ ಗಟ್ಟಿ ವಸ್ತು. ಟಾಂಕಿನ್ ಬರೋಕೆ ಮೊದಲು ಇದಕ್ಕೆಲ್ಲ ನಮ್ಮ ದೇಶದಿಂದ ಹೋಗ್ತಿದ್ದ 'ಕಲ್ಕತ್ತಾ ಕೇನ್' ಬಳಸ್ತಿದ್ರು. ನ್ಯೂಯಾರ್ಕಿನ ಎವರೆಟ್ ಗ್ಯಾರಿಸನ್ ಅನ್ನೋ ಎಂಜಿನಿಯರ್ ರಾಡಿನ ಉದ್ದಕ್ಕೂ ಸ್ಟ್ರೆಸ್ ಲೆಕ್ಕ ಹಾಕಿ ಎಲ್ಲೆಲ್ಲಿ ಎಷ್ಟು ದಪ್ಪ ಇರಬೇಕು ಅಂತ ನಿರ್ಧರಿಸ್ತಿದ್ರು. ಅವರ ವಿಧಾನದ ಪುಸ್ತಕ 1977ರಲ್ಲಿ ಬಂತು. ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಬೋರು ಅನ್ನೋರು ಒಮ್ಮೆ ನೋಡಬಹುದು.

ಈಗ ತೂಕಕ್ಕೆ ಬರೋಣ. ಬಿದಿರು ಟೊಳ್ಳಲ್ಲ, ರಾಡಿನೊಳಗೆ ಪೂರ್ತಿ ತುಂಬಿರುತ್ತೆ. ಮೆಸ್ಸಿನ ತಕ್ಕಡಿಯಲ್ಲಿ ನಮ್ಮ ರಾಡ್ 170 ಗ್ರಾಂ ಬಂತು. ಇದೇ ಉದ್ದದ ಇವತ್ತಿನ ಗ್ರಾಫೈಟ್ ರಾಡ್ ಸುಮಾರು 85 ಗ್ರಾಂ, ಅಂದ್ರೆ ಅರ್ಧ. ಹೊಸ ರೀಲುಗಳು ಅಷ್ಟು ಹಗುರ ಇರೋದು ಆ ಹಗುರ ರಾಡಿಗೋಸ್ಕರ. ಅದನ್ನ ತಂದು ಬಿದಿರಿಗೆ ಸಿಕ್ಕಿಸಿದ್ರೆ ತುದಿ ಕೆಳಗೆ ಬಾಗ್ತಾನೇ ಇರುತ್ತೆ, ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋವು.

ಅಂದಾಜಲ್ಲಿ ಹೇಳ್ತಿಲ್ಲ. ರಾಡನ್ನು ಬೆರಳ ಮೇಲಿಟ್ಟು ನೋಡಿದಾಗ ಅದು ತೂಗಿ ನಿಂತ ಜಾಗ ಬುಡದಿಂದ 60 ಸೆಂ.ಮೀ. ಕೈಯ ಹಿಡಿತ, ಅಂದ್ರೆ ಕಾರ್ಕಿನ ಮುಂತುದಿ, 27 ಸೆಂ.ಮೀ. ರೀಲಿನ ಮಧ್ಯ 6 ಸೆಂ.ಮೀ. ಮೊದಲ ವರ್ಷದ ಮೊಮೆಂಟ್ ಲೆಕ್ಕ ಅಷ್ಟೇ. ಮುಂದಿನ ಕಡೆ 170 ಗುಣಿಸು 33, ಅಂದ್ರೆ 5610 ಗ್ರಾಂ-ಸೆಂ.ಮೀ. (ನ್ಯೂಟನ್‌ಗೆ ಬದಲಾಯಿಸದೇ ಬರೆದದ್ದಕ್ಕೆ ಸರ್ ಮಾರ್ಕ್ಸ್ ಕಟ್ ಮಾಡ್ತಾರೆ, ಗೊತ್ತು.) ಹಿಂದಿನ ತೋಳು 21 ಸೆಂ.ಮೀ. ಹಾಗಾಗಿ ಪೂರ್ತಿ ತೂಗಿ ನಿಲ್ಲಬೇಕಾದ್ರೆ ಲೈನ್ ಸಮೇತ ರೀಲ್ 267 ಗ್ರಾಂ ಇರಬೇಕು. ರೀಲ್ ತೂಕ ರಾಡಿನ ಒಂದೂವರೆ ಪಟ್ಟು ಇರಲಿ ಅನ್ನೋ ಹಳಬರ ಮಾತಿಗೆ ಇದು ಹೆಚ್ಚುಕಡಿಮೆ ಸರಿಹೋಗುತ್ತೆ. ಕ್ಯಾಲ್ಕುಲೇಟರ್ ಇಲ್ಲದೇ ಹೇಳಿದವರು ಇಷ್ಟು ಹತ್ತಿರ ಬಂದಿದ್ದಾರೆ.

ಆದ್ರೆ ಇಲ್ಲೇ ನಮಗೆ ಅನುಮಾನ ಬಂತು. ಫ್ಲೈ ಫಿಶಿಂಗಿನಲ್ಲಿ ಎಸೆಯೋದು ಗಾಳವನ್ನಲ್ಲ. ಪುಕ್ಕ ಕಟ್ಟಿದ ಆ ಹುಳುವಿಗೆ ತೂಕವೇ ಇಲ್ಲ. ಎಸೆಯೋದು ಲೈನಿನ ತೂಕವನ್ನ. ಅಮೆರಿಕದವರು 1961ರಲ್ಲಿ ಮಾಡಿದ ಸ್ಟ್ಯಾಂಡರ್ಡ್ ಪ್ರಕಾರ ಆರನೇ ನಂಬರ್ ಲೈನಿನ ಮೊದಲ 30 ಅಡಿ 160 ಗ್ರೇನ್, ಅಂದ್ರೆ ಸುಮಾರು 10.4 ಗ್ರಾಂ. ಅಷ್ಟು ತೂಕ ರಾಡಿನ ತುದಿಗೆ, ಕೈಯಿಂದ 247 ಸೆಂ.ಮೀ. ದೂರಕ್ಕೆ ಬಿದ್ರೆ ಇನ್ನೂ 2570 ಸೇರಿತು. ಲೈನ್ ಗಾಳಿಯಲ್ಲಿರುವಾಗ ಭಾರ ಪೂರ್ತಿ ಹಾಗೇ ಬೀಳಲ್ಲ, ಒಪ್ತೀವಿ. ಆದ್ರೂ ಟೇಬಲ್ ಮೇಲೆ ನಾವು ಕಷ್ಟಪಟ್ಟು ತೂಗಿಸಿದ ರಾಡ್ ಎಸೆಯೋಕೆ ಶುರುಮಾಡಿದ ಕೂಡಲೇ ತಪ್ಪುತ್ತೆ. ಇನ್ನೊಂದು ಮಾತು: ಬೀಸುವಾಗ ಎಣಿಕೆಗೆ ಬರೋದು ದೂರದ ವರ್ಗ. ತುದಿಯಲ್ಲಿರೋ 10 ಗ್ರಾಂ, ಹಿಡಿಯ ಹಿಂದಿರೋ 267 ಗ್ರಾಂ ರೀಲಿಗಿಂತ ಐದು ಪಟ್ಟು ಇನರ್ಷಿಯಾ ಕೊಡುತ್ತೆ. ಲೆಕ್ಕ ಹಾಕಿ ನೋಡಿ. ರೀಲ್ ಭಾರ ಮಾಡಿದ ಮಾತ್ರಕ್ಕೆ ರಾಡ್ ಬೀಸೋದು ಸುಲಭ ಆಗಲ್ಲ. ಕೈ ಸುಮ್ಮನೆ ಹಿಡಿದು ನಿಂತಿರೋ ಹೊತ್ತಿಗೆ ಆರಾಮ ಸಿಗುತ್ತೆ, ಅಷ್ಟೇ.

ಹಾಗಾಗಿ 267ರ ಹಠ ಬೇಡ. ನಾವು ಹಿಡಿದದ್ದು 185 ಗ್ರಾಂ ರೀಲ್, 30 ಗ್ರಾಂ ಲೈನ್, ಒಟ್ಟು 215. ಕೈಗೆ ಉಳಿಯೋ ಭಾರ 5610ರಿಂದ 1095ಕ್ಕೆ ಇಳಿಯುತ್ತೆ. ಅಂಗಡಿಯ 110 ಗ್ರಾಂ ರೀಲಿನಲ್ಲಾದ್ರೆ 2670 ಉಳೀತಿತ್ತು. ಹಾಸ್ಟೆಲ್ ಹಿಂದಿನ ಗ್ರೌಂಡಿನಲ್ಲಿ ರೀಲ್ ಜಾಗಕ್ಕೆ ನಟ್ಟು ಬೋಲ್ಟು ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿ ಮೂರೂ ತೂಕ ಹಿಡಿದು ನಿಂತ್ವಿ. "ಏನ್ರಪ್ಪಾ, ಇಲ್ಲಿ ನೀರೇ ಇಲ್ವಲ್ಲ?" ಅಂತ ವಾಚ್‌ಮನ್ ಅಣ್ಣ ಕೇಳಿದ್ರು. ಅವರ ಕೈಗೂ ಕೊಟ್ವಿ. ಏನೂ ಹೇಳಿಕೊಡದೇ ಇದ್ರೂ ಅವರು ಆರಿಸಿದ್ದು 215ನ್ನೇ.

ಇನ್ನು ಡ್ರ್ಯಾಗ್. ಡಿಸ್ಕ್ ಡ್ರ್ಯಾಗ್ ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಸಮುದ್ರದ ದೊಡ್ಡ ಮೀನಿಗೆ ಅದು ಬೇಕೇ ಬೇಕು. ಟ್ರೌಟ್ ವಿಷಯದಲ್ಲಿ ರೀಲಿನ ಮುಖ್ಯ ಕೆಲಸ ಲೈನ್ ಸುತ್ತಿಟ್ಟುಕೊಳ್ಳೋದು, ಮೀನು ಓಡಿದಾಗ ಸ್ಪೂಲ್ ಹುಚ್ಚಾಪಟ್ಟೆ ತಿರುಗಿ ಲೈನ್ ಸಿಕ್ಕಾಗದಂತೆ ನೋಡೋದು. ಅದಕ್ಕೆ ಒಂದು ಗೇರು, ಅದಕ್ಕೆ ಒತ್ತಿ ನಿಂತ ಒಂದು ನಾಲಗೆ, ಹಿಂದೊಂದು ಸ್ಪ್ರಿಂಗ್ ಸಾಕು. ಹೆಚ್ಚಿನ ತಡೆ ಬೇಕಾದ್ರೆ ಅಂಗೈ ಸ್ಪೂಲಿಗೆ ತಾಗಿಸಿದ್ರಾಯ್ತು. ಬಿದಿರಿಗೆ ಇನ್ನೊಂದು ಗುಣ ಇದೆ: ಜಾಸ್ತಿ ಬಗ್ಗಿಸಿ ಹಾಗೇ ಹಿಡಿದ್ರೆ ಬಾಗು ಉಳಿದುಬಿಡುತ್ತೆ, ವಾಪಸ್ ನೆಟ್ಟಗಾಗಲ್ಲ. ಡ್ರ್ಯಾಗ್ ಬಿಗಿ ಮಾಡಿ ದಪ್ಪ ದಾರ ಕಟ್ಟಿ ಎಳೆದಾಡಿದ್ರೆ ಅದರ ಬೆಲೆ ತೆರೋದು ರಾಡ್. ಕ್ಲಿಕ್ ರೀಲಿನಲ್ಲಿ ಆ ತಪ್ಪು ಮಾಡಬೇಕು ಅಂದ್ರೂ ಕಷ್ಟ.

ಸೈಜಿನಲ್ಲಿ ನಾವೇ ಮೊದಲು ಎಡವಿದ್ವಿ. ಹಳೇ ರಾಡಿಗೆ ರೇಷ್ಮೆ ಲೈನ್ ಹಾಕ್ತಿದ್ರು, ಅದನ್ನ ತೂಕದಿಂದಲ್ಲ, ದಪ್ಪದಿಂದ ಅಳೀತಿದ್ರು. ಎಚ್‌ಡಿಎಚ್ ಅಂದ್ರೆ ತುದಿಗಳು 0.025 ಇಂಚು, ನಡು 0.045 ಇಂಚು. ಒಂದೇ ತೂಕಕ್ಕೆ ರೇಷ್ಮೆ ತೆಳ್ಳಗಿರುತ್ತೆ, ಇವತ್ತಿನ ತೇಲುವ ಪ್ಲಾಸ್ಟಿಕ್ ಲೈನ್ ದಪ್ಪ. ಹಾಗಾಗಿ ಅಂದಿನ ಕಾಲಕ್ಕೆ ಸರಿಯಿದ್ದ ಪುಟ್ಟ ರೀಲಿನಲ್ಲಿ ಇಂದಿನ ಲೈನ್ ಪೂರ್ತಿ ಹಿಡಿಸಲ್ಲ. ಇಂದಿನ ಆರನೇ ನಂಬರ್ ಲೈನಿಗೆ ಮೂರೂಕಾಲು ಇಂಚಿನ ಆಸುಪಾಸಿನ ಸ್ಪೂಲ್ ನೋಡಿ.

ಪಾದದ ವಿಷಯ. ಕೊಳ್ಳೋಕೆ ಮೊದಲು ರಾಡಿನ ಉಂಗುರದ ಒಳ ಅಳತೆಯನ್ನು ವರ್ನಿಯರಿನಲ್ಲಿ ತೆಗೆದುಕೊಂಡೇ ಹೋಗಿ. ಕೂರಲಿಲ್ಲ ಅಂದ್ರೆ ಬೇರೆ ರೀಲ್ ನೋಡಿ. ರಾಡಿಗೆ ಅರ ಹಾಕಬೇಡಿ, ಹಳೇ ರೀಲಿನ ಪಾದಕ್ಕೂ ಹಾಕಬೇಡಿ. ಇದರಲ್ಲಿ ಚರ್ಚೆ ಇಲ್ಲ.

"ಅಜ್ಜ ಏನು ಮೀನು ಹಿಡಿಯೋಕೆ ಹೋಗ್ತಾರಾ, ಯಾವುದಾದ್ರೂ ಒಂದು ಹಾಕಿ ಕೊಡಿ" ಅಂತ ಪಕ್ಕದ ರೂಮಿನವರು ನಕ್ಕರು. ಇಲ್ಲ, ಹೋಗಲ್ಲ. ಆದ್ರೆ ಕಣ್ಣು ಕಾಣದವರಿಗೆ ರಾಡ್ ಅಂದ್ರೆ ಕೈಗೆ ಬರೋ ಭಾರ, ಕಿವಿಗೆ ಬೀಳೋ ಸದ್ದು. ಫೋನಿನಲ್ಲಿ ರೀಲ್ ಹೇಗಿತ್ತು ಅಂತ ಕೇಳಿದಾಗ ಅವರು ಬಣ್ಣ ಹೇಳಲಿಲ್ಲ, ಕಂಪನಿ ಹೆಸರೂ ಹೇಳಲಿಲ್ಲ. ನಾಲಗೆ ಮಡಚಿ "ಕರ್ರ್‌ರ್" ಅಂತ ಸದ್ದು ಮಾಡಿ ತೋರಿಸಿದ್ರು. ಸೀಲ್ಡ್ ಡಿಸ್ಕ್‌ನಿಂದ ಆ ಸದ್ದು ಬರಲ್ಲ.

ಸದ್ಯಕ್ಕೆ ನಮಗೆ ಸಿಕ್ಕಿರೋ ಹಳೇ ಕ್ಲಿಕ್ ರೀಲಿನ ಪಾದ ಸರಿಯಿದೆ, ತೂಕ 188 ಗ್ರಾಂ, ಸ್ಪ್ರಿಂಗ್ ಮಾತ್ರ ಮುರಿದಿದೆ. ವರ್ಕ್‌ಶಾಪಿನ ಅಣ್ಣ ಒಬ್ಬರು ಸ್ಪ್ರಿಂಗ್ ಸ್ಟೀಲ್ ಪಟ್ಟಿಯಿಂದ ಹೊಸದು ಬಗ್ಗಿಸಿಕೊಡ್ತೀನಿ ಅಂದಿದ್ದಾರೆ. ದಸರಾ ರಜೆಗೆ ಬಸ್ ಟಿಕೆಟ್ ಬುಕ್ ಆಗಿದೆ. ಅಷ್ಟರೊಳಗೆ ನಿಮ್ಮ ಮನೆಯ ಅಟ್ಟದಲ್ಲಿ ಮೂರೂಕಾಲು ಇಂಚಿನ ರೀಲ್ ಏನಾದ್ರೂ ಸಿಕ್ಕಿದ್ರೆ ಕನ್ನಡ ಸಂಘದ ರೂಮಿನಲ್ಲಿ ನಮ್ಮನ್ನ ಕೇಳಿ. ವರ್ನಿಯರ್ ಲ್ಯಾಬಿಗೆ ವಾಪಸ್ ಕೊಡೋದು ಬಾಕಿ ಇದೆ, ಹಾಗಾಗಿ ಬೇಗ ಬನ್ನಿ.